ಪಿಎಚ್.ಡಿ. ಮುಗಿಯಲೆಂದು ಕಾಯಬೇಡ

ಮಗೂ, ಪಿಎಚ್.ಡಿ. ಮುಗಿಯಲಿ, ಕೆಲಸ ಒಂದು ನೆಲೆಗೆ ಬರಲಿ, ಆಮೇಲೆ ಮಕ್ಕಳಿಗೆ ಬರೆಯೋಣ ಅಂದೆಯಲ್ಲ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಲ್ಯಾಬಿನಲ್ಲಿ ಇರುವವರು ಮಕ್ಕಳ ಪುಸ್ತಕ ಬರೆದರೆ ‘ಇವರಿಗೆ ಬೇರೆ ಕೆಲಸ ಇಲ್ಲವೇ’ ಅನ್ನುವ ಜನ ನಮ್ಮಲ್ಲಿದ್ದಾರೆ. ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ.

ಲಂಡನ್ನಿನ ಫ್ರಾನ್ ಬಾಲ್ಕ್‌ವಿಲ್ ಅವರ ವಿಷಯ ಹೇಳುತ್ತೇನೆ, ಕೇಳು. ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ಸಂಶೋಧಕಿ. ದೇಹದೊಳಗಿನ ಉರಿಯೂತಕ್ಕೂ ಕ್ಯಾನ್ಸರ್ ಗಡ್ಡೆಗೂ ಇರುವ ನಂಟೇ ಅವರ ಕ್ಷೇತ್ರ. ಚಿತ್ರಕಾರ ಮಿಕ್ ರಾಲ್ಫ್ ಜೊತೆ ಸೇರಿ ಮಕ್ಕಳಿಗಾಗಿ ‘ಸೆಲ್ಸ್ ಆರ್ ಅಸ್’, ‘ಸೆಲ್ ವಾರ್ಸ್’ ಪುಸ್ತಕಗಳನ್ನು ಮಾಡಿದರು. ಅವಕ್ಕೆ 1991ರಲ್ಲಿ ಬ್ರಿಟನ್ನಿನ ಮಕ್ಕಳ ವಿಜ್ಞಾನ ಪುಸ್ತಕ ಪ್ರಶಸ್ತಿ ಬಂತು. ಈಗ ಇದರ ಪಕ್ಕದಲ್ಲಿ ಇನ್ನೊಂದು ಇಸವಿ ಇಡು. ಟಿಎನ್‌ಎಫ್ ಗೊತ್ತಲ್ಲ ನಿನಗೆ? ರೋಗನಿರೋಧಕ ಕಣಗಳು ತಯಾರಿಸುವ ಪ್ರೋಟೀನು. ಗಡ್ಡೆಯನ್ನು ಕೊಲ್ಲುತ್ತದೆ ಎಂದೇ ಅದಕ್ಕೆ ಹೆಸರು ಬಂದದ್ದು. ಅದೇ ಇಲ್ಲದ ಇಲಿಗಳಿಗೆ ಚರ್ಮದ ಗಡ್ಡೆಗಳು ಏಳುವುದೇ ಕಡಿಮೆ ಎಂದು ಅವರ ತಂಡ 1999ರಲ್ಲಿ ತೋರಿಸಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಮಕ್ಕಳ ಪುಸ್ತಕ ಮೊದಲು ಬಂತು, ಈ ದೊಡ್ಡ ಫಲಿತಾಂಶ ಆಮೇಲೆ. ಬರವಣಿಗೆ ಅವರ ಸಂಶೋಧನೆಗೆ ಅಡ್ಡ ಬಂದಂತೆ ನನಗಂತೂ ಕಾಣುವುದಿಲ್ಲ.

ಆ ಟಿಎನ್‌ಎಫ್ ಫಲಿತಾಂಶದಲ್ಲಿ ನಿನಗೆ ಒಂದು ಎಚ್ಚರಿಕೆಯೂ ಇದೆ. ‘ಬಿಳಿ ರಕ್ತಕಣಗಳು ನಮ್ಮ ಸೈನಿಕರು, ಸದಾ ನಮ್ಮ ಪರ’ ಎಂದು ಬರೆದುಬಿಡುವುದು ಸುಲಭ, ಮಕ್ಕಳಿಗೂ ಖುಷಿ. ಆದರೆ ಆ ‘ಸದಾ’ ಬೇಡ. ‘ಹೆಚ್ಚಾಗಿ’ ಅನ್ನು, ‘ಕೆಲವು ಸಲ ಎಡವಟ್ಟಾಗುತ್ತದೆ, ಯಾಕೆಂದು ಹುಡುಕುತ್ತಿದ್ದೇವೆ’ ಎಂದೂ ಸೇರಿಸು. ದೊಡ್ಡವರು ನಿನ್ನ ಪ್ರಬಂಧದಲ್ಲಿ ತಪ್ಪು ಕಂಡರೆ ಪ್ರಶ್ನಿಸುತ್ತಾರೆ. ಐದನೇ ಕ್ಲಾಸಿನ ಹುಡುಗಿ ನಂಬಿಬಿಡುತ್ತಾಳೆ, ಹತ್ತು ವರ್ಷ ಅದನ್ನೇ ತಲೆಯಲ್ಲಿ ಇಟ್ಟುಕೊಂಡಿರುತ್ತಾಳೆ.

ಬಾಲ್ಕ್‌ವಿಲ್ ಪುಸ್ತಕಕ್ಕೇ ನಿಲ್ಲಲಿಲ್ಲ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2009ರಲ್ಲಿ ಅವರ ಮುಂದಾಳತ್ವದಲ್ಲಿ ‘ಸೆಂಟರ್ ಆಫ್ ದಿ ಸೆಲ್’ ತೆರೆಯಿತು. ಕೆಲಸ ನಡೆಯುವ ಲ್ಯಾಬಿನ ಮೇಲೆ ತೂಗುಹಾಕಿದ ಕಿತ್ತಳೆ ಬಣ್ಣದ ಕೋಣೆ ಅದು. ಅಲ್ಲಿಗೆ ಬಂದ ಶಾಲೆಯ ಮಕ್ಕಳು ಕೆಳಗೆ ಬಗ್ಗಿ ನೋಡಿದರೆ ಬಿಳಿ ಕೋಟಿನವರು ಪಿಪೆಟ್ ಹಿಡಿದು ನಿಂತಿರುತ್ತಾರೆ, ಪ್ರದರ್ಶನಕ್ಕಲ್ಲ, ತಮ್ಮ ಪಾಡಿಗೆ. ಸಂಶೋಧನೆ ಅಂದರೆ ಬಹುಪಾಲು ಇದೇ, ಒಂದೇ ಕೆಲಸ ಮತ್ತೆ ಮತ್ತೆ. ನಿನ್ನ ಪುಸ್ತಕದಲ್ಲೂ ಅದು ಇರಲಿ. ಬರೀ ‘ಯುರೇಕಾ’ ಬೇಡ.

ನಮ್ಮ ಅನುಪಮಾ ನಿರಂಜನ ಅವರದ್ದು ಸಂಶೋಧನೆಯಲ್ಲ, ವೈದ್ಯವೃತ್ತಿ. ಆದರೂ ರೋಗಿಗಳು, ಕಾದಂಬರಿ, ಸಂಸಾರ ಎಲ್ಲದರ ನಡುವೆ ‘ದಿನಕ್ಕೊಂದು ಕಥೆ’ ಕೊಟ್ಟರು. ಪುರುಸೊತ್ತಿಲ್ಲ ಅನ್ನುವ ಮೊದಲು ಅವರನ್ನು ಒಮ್ಮೆ ನೆನೆ.

ನಾಳೆ ನೀನು ಮೈಕ್ರೋಸ್ಕೋಪಿನಲ್ಲಿ ನೋಡುವ ಒಂದೇ ಸ್ಲೈಡಿನ ಮೇಲೆ ಒಂದು ಪುಟ ಬರೆ. ಪಕ್ಕದ ಮನೆಯ ಮಗುವಿನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸು. ತಡವರಿಸಿದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕು, ಅರ್ಥ ಹೇಳಿಕೊಡಲು ಹೋಗಬೇಡ. ಚಿತ್ರ ಬರೆಯುವವರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೋ, ಮುಖಪುಟದಲ್ಲಿ ಅವರ ಹೆಸರೂ ನಿನ್ನಷ್ಟೇ ದಪ್ಪಕ್ಷರದಲ್ಲಿ ಇರಲಿ. ಬರೆದದ್ದನ್ನು ನನಗೆ ಕಳಿಸುವ ಮುಂಚೆ ನಿನ್ನ ಗೈಡ್‌ಗೆ ತೋರಿಸು. ವಿಷಯ ತಪ್ಪಿದ್ದರೆ ಅವರು ಹಿಡಿಯುತ್ತಾರೆ. ನಾನು ಹಿಡಿಯುವುದು ಒತ್ತಕ್ಷರದ ತಪ್ಪು ಮಾತ್ರ.