ಪಾರ್ಶ್ವವಾಯುವಿನ ಹಿಂದೆ ಅಡಗಿದ ಅರ್ಬುದ

ಕಾಪುವಿನ ಕಡಲತೀರದಲ್ಲಿ ಬಲೆಯನ್ನು ದಡಕ್ಕೆ ಎಳೆಯುವುದನ್ನು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಬಲೆಯ ಕಣ್ಣು ಸಣ್ಣದಾದಷ್ಟೂ ಮೀನು ತಪ್ಪಿಸಿಕೊಳ್ಳುವುದು ಕಡಿಮೆ. ಆದರೆ ಮೀನಿನೊಡನೆ ಬರುವ ಕಸವೂ ಅಷ್ಟೇ ಹೆಚ್ಚು. ಅಡಗಿರುವ ರೋಗವನ್ನು ಹುಡುಕುವ ವೈದ್ಯರಿಗೂ ಇದೇ ಪೇಚು.

ಕಾಪುವಿನಲ್ಲಿಯೋ ಕಾರ್ಕಳದಲ್ಲಿಯೋ ಹಿರಿಯರೊಬ್ಬರು ಬೆಳಗಿನ ಗಂಜಿ ಉಣ್ಣುತ್ತಿರುವಾಗ ಅವರ ಬಲಗೈ ಸೋತು, ಬಾಯಿ ವಾರೆಯಾಗಿ, ಮಾತು ತೊದಲಿತೆಂದು ಭಾವಿಸೋಣ. ಮನೆಯವರು ಅವರನ್ನು ಉಡುಪಿಗೋ, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪನೆಗೊಂಡ ಮಣಿಪಾಲಕ್ಕೋ ಕರೆದೊಯ್ಯುತ್ತಾರೆ. ಆಗ ಒಂದೊಂದು ನಿಮಿಷವೂ ಅಮೂಲ್ಯ. ಮಿದುಳಿನ ಧಮನಿಯನ್ನು ಮುಚ್ಚಿದ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅರ್ಬುದದ, ಎಂದರೆ ಕ್ಯಾನ್ಸರಿನ, ವಿಚಾರ ಆ ಹೊತ್ತಿನದಲ್ಲ. ಅದು ಏಳುವುದು ಕೆಲವು ದಿನಗಳ ಮೇಲೆ, ಹೆಪ್ಪು ಎಲ್ಲಿಂದ ಬಂತೆಂದು ಕೇಳುವಾಗ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕುತ್ತಿಗೆಯ ಧಮನಿಯಲ್ಲಿ ಕಟ್ಟಿದ ಕೊಬ್ಬು, ತಾಳ ತಪ್ಪಿದ ಹೃದಯ – ಬಹುಮಂದಿಯಲ್ಲಿ ಉತ್ತರ ಇವುಗಳಲ್ಲೇ ದೊರೆಯುತ್ತದೆ. ಕೆಲವರಲ್ಲಿ ಮಾತ್ರ ಎಷ್ಟು ಹುಡುಕಿದರೂ ಕಾರಣ ಸಿಕ್ಕದು. ಅಂಥವರಲ್ಲಿ ಅರ್ಬುದದ ಶಂಕೆಗೆ ಎಡೆಯುಂಟು. ಶ್ವಾಸಕೋಶ, ಜಠರ, ಮೇದೋಜೀರಕ ಗ್ರಂಥಿ ಮುಂತಾದೆಡೆ ಬೆಳೆಯುವ ಕೆಲವು ಅರ್ಬುದಗಳು ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುಗಳನ್ನು ಹೊರಸೂಸುತ್ತವೆ. ಕೆಲವೊಮ್ಮೆ ಹೃದಯದ ಕವಾಟಗಳ ಮೇಲೆ, ಯಾವ ಸೋಂಕೂ ಇಲ್ಲದೆ, ಸಣ್ಣ ಹೆಪ್ಪುಗಳು ಕಟ್ಟಿಕೊಂಡು ಕಳಚಿ ಮಿದುಳಿಗೆ ಹೋಗುತ್ತವೆ.

ಈ ನಂಟು ಇಂದು ನಿನ್ನೆ ತಿಳಿದುದಲ್ಲ. ಪ್ಯಾರಿಸಿನ ವೈದ್ಯ ಆರ್ಮಾನ್ ಟ್ರೂಸೋ 1865ರಲ್ಲಿಯೇ, ಅಭಿಧಮನಿಗಳಲ್ಲಿ ಅಕಾರಣವಾಗಿ ಕಟ್ಟುವ ಹೆಪ್ಪು ಒಳಗಿನ ಅರ್ಬುದದ ಸೂಚನೆಯಾಗಬಹುದೆಂದು ಬೋಧಿಸಿದ್ದರು. ತಮ್ಮ ಮೈಯಲ್ಲೇ ಅಂಥ ಹೆಪ್ಪು ಕಂಡಾಗ, ಇನ್ನು ತಮಗೆ ಉಳಿಗಾಲವಿಲ್ಲವೆಂದು ಶಿಷ್ಯನೊಡನೆ ನುಡಿದರಂತೆ. 1867ರಲ್ಲಿ ಅವರು ಜಠರದ ಅರ್ಬುದದಿಂದಲೇ ತೀರಿಕೊಂಡರು.

ಹಾಗಾದರೆ ಪಾರ್ಶ್ವವಾಯುವಾದ ಎಲ್ಲರ ಮೈಯನ್ನೂ ಸಿ.ಟಿ. ಯಂತ್ರದಲ್ಲಿ ಶೋಧಿಸಬಾರದೇಕೆ? ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಲೆಕ್ಕ ಹಾಕಲಿ. ಸಂಖ್ಯೆಗಳು ಉದಾಹರಣೆಗಾಗಿ ಇಟ್ಟುಕೊಂಡವು. 1000 ರೋಗಿಗಳಲ್ಲಿ 30 ಮಂದಿಗೆ ಗುಪ್ತ ಅರ್ಬುದವಿದೆಯೆನ್ನಿ. ನಮ್ಮ ಪರೀಕ್ಷೆ ರೋಗವುಳ್ಳ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ. ರೋಗವಿಲ್ಲದ ಹತ್ತರಲ್ಲಿ ಒಬ್ಬರನ್ನು ಸುಮ್ಮನೆ ಶಂಕಿಸುತ್ತದೆ. ಆಗ ನಿಜವಾಗಿ ಸಿಕ್ಕಿದವರು 27, ಸುಳ್ಳು ಶಂಕೆಗೆ ಒಳಗಾದವರು 97! ಈ 97 ಮಂದಿಗೂ ಸೂಜಿ ಚುಚ್ಚಿ ತುಣುಕು ತೆಗೆಯುವುದು, ಮತ್ತೆ ಚಿತ್ರ, ಮತ್ತೆ ಖರ್ಚು, ನಿದ್ರೆಯಿಲ್ಲದ ರಾತ್ರಿಗಳು. ಮೊದಲೇ ಲಕ್ಷಣ ನೋಡಿ, 1000ದಲ್ಲಿ 300 ಮಂದಿಗೆ ರೋಗವಿರುವ ಗುಂಪನ್ನು ಆರಿಸಿಕೊಂಡರೆ, ಅದೇ ಪರೀಕ್ಷೆ 270 ಮಂದಿಯನ್ನು ಸರಿಯಾಗಿ ಹಿಡಿದು, 70 ಮಂದಿಯನ್ನು ಮಾತ್ರ ತಪ್ಪಾಗಿ ಶಂಕಿಸುತ್ತದೆ. ಬದಲಾದುದು ಯಂತ್ರವಲ್ಲ, ಆಯ್ಕೆ.

ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ನೆನೆಯತಕ್ಕುದು. ಅದು ಅಭಿಧಮನಿಯ ಹೆಪ್ಪಿನದು, ಪಾರ್ಶ್ವವಾಯುವಿನದಲ್ಲವೆಂಬುದನ್ನು ಮರೆಯಬಾರದು. ಕಾರಣ ತಿಳಿಯದ 854 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಸಾಮಾನ್ಯ ತಪಾಸಣೆ, ಉಳಿದವರಿಗೆ ಅದರ ಜೊತೆಗೆ ಹೊಟ್ಟೆಯ ಸಿ.ಟಿ. ಒಂದು ವರ್ಷದಲ್ಲಿ ಅರ್ಬುದ ಕಂಡುಬಂದುದು ಒಟ್ಟು 33 ಮಂದಿಯಲ್ಲಿ. ಆರಂಭದ ತಪಾಸಣೆಗೆ ಸಿಗದೆ ತಪ್ಪಿಹೋದವು ಮೊದಲ ಗುಂಪಿನಲ್ಲಿ 4, ಸಿ.ಟಿ. ಆದ ಗುಂಪಿನಲ್ಲಿ 5.

ಆದುದರಿಂದ ಸುಳಿವು ಹಿಡಿದು ಹುಡುಕುವುದೇ ಜಾಣತನವೆಂದು ನನಗೆ ತೋರುತ್ತದೆ. ಎಂ.ಆರ್.ಐ. ಚಿತ್ರದಲ್ಲಿ ಬೇರೆ ಬೇರೆ ಧಮನಿಗಳ ಕ್ಷೇತ್ರಗಳಲ್ಲಿ ಏಕಕಾಲಕ್ಕೆ ಗಾಯ ಕಂಡರೆ ಅದೊಂದು ಸುಳಿವು. ಹೆಪ್ಪು ಒಡೆದಾಗ ರಕ್ತದಲ್ಲಿ ಸೇರುವ ಡಿ-ಡೈಮರ್ ಎಂಬ ತುಣುಕು ಅತಿಯಾಗಿದ್ದರೆ ಇನ್ನೊಂದು. ಆದರೆ ಸೋಂಕಿನಲ್ಲಿಯೂ ಅದು ಏರುವುದುಂಟು. ಕಾರಣವಿಲ್ಲದೆ ಇಳಿದ ತೂಕ, ರಕ್ತಹೀನತೆ, ಮುಚ್ಚಿದ ಹಸಿವು – ಇವನ್ನು ಬಲ್ಲವರು ಮನೆಯವರೇ. ವೈದ್ಯರು ಕೇಳದಿದ್ದರೂ ಅವರು ಹೇಳಬೇಕು.

ಕಾಪುವಿನ ನಮ್ಮ ಹಿರಿಯರು ಬೀಡಿ ಸೇದುವವರಾಗಿದ್ದರೆ, ಅದೊಂದೇ ಚಟ ಧಮನಿಗೂ ಶ್ವಾಸಕೋಶಕ್ಕೂ ಕೇಡು ತಂದಿರಬಹುದು. ಅವರ ಎದೆಯ ಚಿತ್ರವನ್ನು ಎರಡನೆಯ ಸಲ ನಿಧಾನವಾಗಿ ನೋಡಬೇಕಾಗುತ್ತದೆ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಜಗಿಯುವವರಾಗಿದ್ದರೆ ಬಾಯಿಯ ಒಳಗನ್ನೂ ನೋಡಬೇಕು. ಅದಕ್ಕೆ ಒಂದು ದೀಪ, ಬಲ್ಲ ಕಣ್ಣು, ಇಷ್ಟೇ ಸಾಕು.