ಪೆಟ್ರೋಲ್ ಪಂಪುಸೆಟ್ಟು ನಡುವೆ ನಿಲ್ಲುವುದೇಕೆ?

ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಏಪ್ರಿಲ್ ತಿಂಗಳೆಂದರೆ ಹೊಗೆಸೊಪ್ಪಿನ ಸಸಿಮಡಿಗಳಿಗೆ ತಪ್ಪದೆ ನೀರು ಬೇಕಾದ ಕಾಲ. ಹೊಗೆಸೊಪ್ಪಿನ ಬೀಜ ಒಂದು ಗ್ರಾಂಗೆ ಹತ್ತು ಸಾವಿರಕ್ಕೂ ಹೆಚ್ಚು ಬರುವಷ್ಟು ಸಣ್ಣದು; ಎಳೆಯ ಸಸಿಯ ಬೇರು ಮೇಲ್ಮಣ್ಣಿನಲ್ಲಿಯೇ ಇರುತ್ತದೆ. ಮಡಿ ಒಂದು ಹಗಲು ಒಣಗಿದರೂ ಸಸಿಗಳು ಬಾಡಿ ಸಾಯುತ್ತವೆ. ಹೊಸ ಅಗ್ರಹಾರದ ಸುತ್ತಮುತ್ತ ನಾಲೆಯಲ್ಲಿ ನೀರಿಲ್ಲದ ದಿನಗಳಲ್ಲಿ ಕೆರೆ, ಹಳ್ಳಗಳಿಂದ ನೀರೆತ್ತುವವರಿಗೂ ಸಣ್ಣ ಪೆಟ್ರೋಲ್ ಪಂಪುಸೆಟ್ಟೇ ಆಸರೆ. ಇಂತಹ ವೇಳೆಯಲ್ಲಿ ಎಂಜಿನ್ ಕೈಕೊಟ್ಟರೆ ಪೇಟೆಯ ಮೆಕ್ಯಾನಿಕ್ ಬರುವವರೆಗೆ ಕಾಯುವಂತಿಲ್ಲ. ಇಂತಹ ತೊಂದರೆಗಳ ಪೈಕಿ ಹೆಚ್ಚಿನವು ಇಂಧನ ಬರುವ ದಾರಿಯಲ್ಲಿಯೇ ಇರುವುದರಿಂದ, ರೈತರು ಸ್ವತಃ ಇವನ್ನು ಪತ್ತೆ ಹಚ್ಚಬಹುದು.

ಹಳೆಯ ಪೆಟ್ರೋಲ್ ಜೀಪು, ಕಾರುಗಳಲ್ಲಿ ಇಂಧನವನ್ನು ತಳ್ಳಲು ಪ್ರತ್ಯೇಕ ಪಂಪು ಇರುತ್ತದೆ. ಸಣ್ಣ ಪಂಪುಸೆಟ್ಟಿನಲ್ಲಿ ಸಾಮಾನ್ಯವಾಗಿ ಅದಿಲ್ಲ. ಟ್ಯಾಂಕು ಮೇಲಿದ್ದು, ಪೆಟ್ರೋಲು ತನ್ನ ತೂಕದಿಂದಲೇ ಕಾರ್ಬೊರೇಟರಿಗೆ ಇಳಿಯುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲಿನ ಮಟ್ಟ 30 ಸೆಂ.ಮೀ. ಎತ್ತರದಲ್ಲಿದ್ದರೆ ಕೆಳಗೆ ಸಿಗುವ ಒತ್ತಡ ಒಂದು ಚದರ ಸೆಂ.ಮೀ.ಗೆ ಸುಮಾರು 22 ಗ್ರಾಂ ಮಾತ್ರ. ಇಷ್ಟು ಅಲ್ಪ ಒತ್ತಡವನ್ನು ಒಂದು ಚಿಟಿಕೆ ಕಸವೂ ತಡೆಯಬಲ್ಲದು.

ಮೊದಲು ದೋಷ ಎಂಜಿನ್ನಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಂಜಿನ್ ಚೆನ್ನಾಗಿ ಓಡುತ್ತಿದ್ದು ನೀರು ಮಾತ್ರ ನಿಂತರೆ ಹೀರು ಕೊಳವೆಯಲ್ಲಿ ಗಾಳಿ ಸೇರಿದೆ ಅಥವಾ ಫುಟ್‌ವಾಲ್ವ್ ಕಟ್ಟಿದೆ ಎಂದರ್ಥ. ಅದಕ್ಕೆ ಕಾರ್ಬೊರೇಟರ್ ಬಿಚ್ಚಿ ಫಲವಿಲ್ಲ. ಎಂಜಿನ್ ಹೊತ್ತದಿದ್ದರೆ ನಾಲ್ಕೈದು ಬಾರಿ ಹಗ್ಗ ಎಳೆದು ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಪ್ಲಗ್ ಒಣಗಿದ್ದರೆ ಪೆಟ್ರೋಲು ಒಳಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಬರುತ್ತಿದೆ, ಆಗ ಕಿಡಿಯ ಕಡೆ ಅನುಮಾನ ಪಡಬೇಕು ಅಥವಾ ಪೆಟ್ರೋಲು ಅತಿಯಾಗಿದೆಯೇ ಎಂದು ನೋಡಬೇಕು.

ಅತಿ ಹೆಚ್ಚಾಗಿ ದಾರಿ ತಪ್ಪಿಸುವ ದೋಷವೆಂದರೆ ಹತ್ತು ಹದಿನೈದು ನಿಮಿಷ ಓಡಿ ನಿಲ್ಲುವುದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊತ್ತುವುದು. ಇದಕ್ಕೆ ಅನೇಕರು ಎಂಜಿನ್ ಕಾದಿದೆ ಎಂದು ನೀರು ಚಿಮುಕಿಸುತ್ತಾರೆ. ಇದು ಸರಿಯಲ್ಲ; ಕಾದ ಸಿಲಿಂಡರ್ ಬಿರುಕು ಬಿಡಬಹುದು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗಲು ಒಂದು ಸಣ್ಣ ರಂಧ್ರವಿರುತ್ತದೆ. ಧೂಳಿನಿಂದ ಅದು ಮುಚ್ಚಿದರೆ ಪೆಟ್ರೋಲು ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಹರಿವು ನಿಲ್ಲುತ್ತದೆ. ಎಂಜಿನ್ ಆರಿದ ಮೇಲೆ ಮುಚ್ಚಳ ಸಡಿಲಿಸಿದಾಗ ಸುಯ್ಯೆಂದು ಗಾಳಿ ಒಳನುಗ್ಗಿದರೆ ದೋಷ ಸಿಕ್ಕಿತೆಂದೇ ತಿಳಿಯಬಹುದು.

ಅದಲ್ಲವಾದರೆ ಎಂಜಿನ್ ತಣ್ಣಗಾದ ನಂತರ ಕಾರ್ಬೊರೇಟರಿನ ಬಳಿ ಕೊಳವೆ ಕಳಚಿ, ಪೆಟ್ರೋಲನ್ನು ಗಾಜಿನ ಸೀಸೆಗೆ ಬಿಟ್ಟು ನೋಡುವುದು ಉತ್ತಮ. ಬೀಡಿ, ದೀಪ, ಬ್ಯಾರನ್ನಿನ ಒಲೆ ಹತ್ತಿರವಿರಕೂಡದು. 3 ಅಶ್ವಶಕ್ತಿಯ ಎಂಜಿನ್ ಗಂಟೆಗೆ ಸುಮಾರು 1 ಲೀಟರ್, ಅಂದರೆ ನಿಮಿಷಕ್ಕೆ 17 ಮಿ.ಲೀ. ಬಳಸುತ್ತದೆ. ಕೊಳವೆಯಿಂದ ಇದರ ಹಲವು ಪಟ್ಟು ಧಾರೆಯಾಗಿ ಬರಬೇಕು. ಮೊದಲಿನಿಂದಲೇ ತೊಟ್ಟಿಕ್ಕಿದರೆ ಟ್ಯಾಂಕಿನ ಜಾಲರಿ ಅಥವಾ ನಲ್ಲಿಯಲ್ಲಿ ಕಸ ಕಟ್ಟಿದೆ. ಚೆನ್ನಾಗಿ ಬಂದು ಕ್ರಮೇಣ ಕಡಿಮೆಯಾದರೆ ಮತ್ತೆ ಮುಚ್ಚಳವನ್ನೇ ನೋಡಬೇಕು.

ಸೀಸೆಯನ್ನು ಚೆಲ್ಲದೆ ಅರ್ಧ ಗಂಟೆ ಅಲುಗಾಡದಂತೆ ಇಡಬೇಕು. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. 2025ರ ಹೊತ್ತಿಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಹಂತ ಬಂದಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾರ್ಬೊರೇಟರಿಗೆ ಮೊದಲು ಹೋಗುವುದು ಈ ತಳದ ದ್ರವವೇ. ಹಳೆಯ ಎಂಜಿನ್ನುಗಳ ರಬ್ಬರ್ ಕೊಳವೆಯೂ ಇದರಿಂದ ಮೆತ್ತಗಾಗಿ ಉಬ್ಬಬಹುದು.

ಹರಿವು ಸರಿಯಿದ್ದರೆ ಮಾತ್ರ ಕಾರ್ಬೊರೇಟರಿಗೆ ಕೈ ಹಾಕಬೇಕು. ಅದಕ್ಕೂ ಮುನ್ನ ಚೋಕಿನ ಪರೀಕ್ಷೆಯೊಂದಿದೆ. ಓಡುತ್ತಿರುವ ಎಂಜಿನ್ನಿನ ಚೋಕನ್ನು ಅರ್ಧ ಮುಚ್ಚಿದಾಗ ಓಟ ಸುಧಾರಿಸಿದರೆ ಪೆಟ್ರೋಲು ಸಾಲುತ್ತಿಲ್ಲ: ಜೆಟ್ ಕಟ್ಟಿದೆ ಅಥವಾ ಕಾರ್ಬೊರೇಟರಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿದೆ. ಓಟ ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲು ಅತಿಯಾಗಿದೆ. ಗಾಳಿ ಶೋಧಕ ಧೂಳಿನಿಂದ ತುಂಬಿರಬಹುದು. ಇಲ್ಲವೇ ಸೂಜಿ ಕವಾಟದಲ್ಲಿ ಕಸ ಸಿಕ್ಕಿ ಕಾರ್ಬೊರೇಟರ್ ಉಕ್ಕುತ್ತಿರಬಹುದು. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ದ್ರವದ ಸದ್ದಾದರೆ ಅದು ತೂತಾಗಿ ಮುಳುಗುತ್ತಿದೆ, ಬದಲಿಸಲೇಬೇಕು.

ಜೆಟ್ಟಿನ ತೂತಿಗೆ ತಂತಿ ಚುಚ್ಚುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಹಿತ್ತಾಳೆ ಮೃದುವಾದ್ದರಿಂದ ತೂತು ಸ್ವಲ್ಪ ದೊಡ್ಡದಾದರೂ ಆ ಎಂಜಿನ್ ಆಮೇಲೆ ಹೆಚ್ಚು ಪೆಟ್ರೋಲು ಕುಡಿಯುತ್ತಲೇ ಇರುತ್ತದೆ. ಜೆಟ್ಟನ್ನು ಪೆಟ್ರೋಲಿನಲ್ಲಿ ನೆನೆಸಿ ಸೈಕಲ್ ಪಂಪಿನಿಂದ ಗಾಳಿ ಹಾಯಿಸಿದರೆ ಸಾಕು. ಮಿಶ್ರಣದ ತಿರುಪು ಇದ್ದಲ್ಲಿ, ತೆಗೆಯುವ ಮೊದಲು ಅದನ್ನು ಪೂರ್ತಿ ಒಳಕ್ಕೆ ಮೆಲ್ಲನೆ ತಿರುಗಿಸಿ ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟುಕೊಂಡರೆ ಮತ್ತೆ ಜೋಡಿಸುವುದು ಸುಲಭ.

ಮಳೆ ಹಿಡಿದು ಪಂಪುಸೆಟ್ಟನ್ನು ಮನೆಗೆ ತರುವ ದಿನ ಟ್ಯಾಂಕು ಬರಿದು ಮಾಡಿ, ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಬೇಕು. ಬಟ್ಟಲಿನಲ್ಲಿ ಪೆಟ್ರೋಲು ತಿಂಗಳುಗಟ್ಟಲೆ ನಿಂತರೆ ಅಂಟಾಗಿ ಜೆಟ್ಟನ್ನು ಮುಚ್ಚುತ್ತದೆ. ಬಟ್ಟಲಿನ ತಳದಲ್ಲಿ ತಿರುಪು ಇದ್ದರೆ ಉಳಿದ ಹನಿಗಳನ್ನೂ ಅದರಿಂದ ಇಳಿಸಿಬಿಡತಕ್ಕದ್ದು.