ಬೆಕ್ಕಿನ ಹೊಟ್ಟೆ ಕೆಟ್ಟಿದೆಯೇ? ಹಂತ ಹಂತವಾಗಿ ನೋಡಿ

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಹೊಟ್ಟೆ ಕೆಟ್ಟರೂ ಮಂಚದಡಿ ಸೇರಿ ಸುಮ್ಮನೆ ಮಲಗಿಬಿಡುತ್ತದೆ. ಹೊಸದಾಗಿ ಸಾಕುವವರಿಗೆ ಮೊದಲ ಸುಳಿವು ಸಿಗುವುದು ಅದರ ಲಿಟರ್ ಟ್ರೇಯಲ್ಲೇ.

ಹಂತ 1: ದಿನವೂ ಟ್ರೇ ನೋಡಿ, ಬಾಚಿ. ಆರೋಗ್ಯವಂತ ಬೆಕ್ಕಿನ ಮಲ ಕಂದು ಬಣ್ಣದ್ದು, ಗಟ್ಟಿ, ಆದರೆ ಒಣಕಲಲ್ಲ. ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಮಲದೊಡನೆ ಹೊರಬಿದ್ದ ಮೇಲೆ ಸೋಂಕು ತಗಲಿಸುವಂತಾಗಲು 1ರಿಂದ 5 ದಿನ ಬೇಕು. ದಿನವೂ ಬಾಚಬೇಕೆನ್ನುವುದು ಅದಕ್ಕೇ. ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ. ಟ್ರೇಗಾಗಲಿ ನೆಲಕ್ಕಾಗಲಿ ಫಿನಾಯಿಲ್ ಬೇಡವೇ ಬೇಡ. ಪಾದಕ್ಕೆ ಅಂಟಿದ್ದನ್ನು ಬೆಕ್ಕು ನೆಕ್ಕುತ್ತದೆ, ಅದರ ಯಕೃತ್ತಿಗೆ ಫಿನಾಯಿಲ್‌ನಲ್ಲಿರುವ ಫೀನಾಲನ್ನು ನಿಭಾಯಿಸುವ ಶಕ್ತಿಯಿಲ್ಲ. ಸೋಪಿನ ನೀರು ಸಾಕು.

ಹಂತ 2: ಹಾಲು ನಿಲ್ಲಿಸಿ. ನಮ್ಮ ಮನೆಗಳಲ್ಲಿ ಇದನ್ನು ಒಪ್ಪಿಸುವುದೇ ಕಷ್ಟ. ಆದರೂ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗದು, ಭೇದಿಯಾಗುತ್ತದೆ. ಬರೀ ಮೊಸರನ್ನವೂ ಸಾಲದು. ಟೌರಿನ್ ಎಂಬ ಪೋಷಕಾಂಶ ಬೆಕ್ಕಿಗೆ ಮಾಂಸ, ಮೀನಿನಿಂದಲೋ ಅದನ್ನು ಸೇರಿಸಿದ ಸಿದ್ಧ ಆಹಾರದಿಂದಲೋ ಸಿಗಬೇಕು. ಕೊರತೆಯಾದರೆ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ. ಆಹಾರ ಬದಲಿಸುವಾಗ ಹಳೆಯದರೊಂದಿಗೆ ಬೆರೆಸಿ ಒಂದು ವಾರದಲ್ಲಿ ನಿಧಾನವಾಗಿ ಬದಲಿಸಿ.

ಹಂತ 3: ಮೈ ಬಾಚಿ. ಮೈ ನೆಕ್ಕುವಾಗ ನುಂಗಿದ ಕೂದಲನ್ನು ಆಗೊಮ್ಮೆ ಈಗೊಮ್ಮೆ ಉಂಡೆಯಾಗಿ ಕಕ್ಕುವುದು ಸಹಜ. ವಾರ ವಾರವೂ ಕಕ್ಕಿದರೆ ವೈದ್ಯರಿಗೆ ತೋರಿಸಿ. ಪರ್ಷಿಯನ್‌ನಂಥ ಉದ್ದ ಕೂದಲಿನವನ್ನು ದಿನವೂ ಬಾಚಬೇಕು, ಬಾಲದಡಿಯ ಕೂದಲಿಗೆ ಮಲ ಮೆತ್ತಿಕೊಳ್ಳದಂತೆ ಕತ್ತರಿಸಬೇಕು.

ಹಂತ 4: ಬಾಲದಡಿ ನೋಡಿ. ಅಕ್ಕಿಕಾಳಿನಂಥ ಚೂರು ಕಂಡರೆ ಅದು ಲಾಡಿಹುಳು. ಸಾಮಾನ್ಯವಾಗಿ ಚಿಗಟವನ್ನು ನುಂಗಿದಾಗ ಬರುತ್ತದೆ, ಹಾಗಾಗಿ ಚಿಗಟವನ್ನೂ ನಿವಾರಿಸದಿದ್ದರೆ ಮತ್ತೆ ಬರುತ್ತದೆ. ಔಷಧದ ಪ್ರಮಾಣವನ್ನು ಬೆಕ್ಕಿನ ತೂಕ ನೋಡಿ ವೈದ್ಯರೇ ಹೇಳಲಿ. ನಾಯಿಗಳ ಚಿಗಟದ ಔಷಧವನ್ನು ಹಚ್ಚಬೇಡಿ. ಅದರಲ್ಲಿ ಪರ್ಮೆತ್ರಿನ್ ಎಂಬ ರಾಸಾಯನಿಕ ಇದ್ದರೆ ಬೆಕ್ಕಿನ ಜೀವಕ್ಕೇ ಕುತ್ತು.

ಹಂತ 5: ತಡಮಾಡಬಾರದ ಹೊತ್ತನ್ನು ಗುರುತಿಸಿ. ಗಂಡು ಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಿದ್ದರೆ ಮಲಬದ್ಧತೆ ಎಂದುಕೊಂಡು ಕಾಯುವವರೇ ಹೆಚ್ಚು. ಅದು ಮೂತ್ರನಾಳ ಕಟ್ಟಿರುವುದೂ ಆಗಿರಬಹುದು. ಹಾಗಿದ್ದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಹೂ ಕಟ್ಟುವ ದಾರ ನುಂಗಿ ಅದರ ತುದಿ ಗುದದಲ್ಲಿ ಕಂಡರೆ ಎಳೆಯಬೇಡಿ, ಕರುಳು ಸೀಳೀತು. ಮರಿಗೆ ವಾಂತಿ, ಭೇದಿ, ಜ್ವರ ಸೇರಿದರೆ ಪ್ಯಾನ್‌ಲ್ಯೂಕೋಪೀನಿಯಾ ಎಂಬ ರೋಗ ಇರಬಹುದು. ಇದಕ್ಕೆ ಲಸಿಕೆಯಿದೆ, 6ರಿಂದ 8 ವಾರದ ವಯಸ್ಸಿನಲ್ಲೇ ಶುರುಮಾಡಿಸಿ. ಬೆಳೆದ ಬೆಕ್ಕು ಒಂದು ದಿನ ಪೂರ್ತಿ ಊಟ ಬಿಟ್ಟರೂ ವೈದ್ಯರಿಗೆ ಫೋನ್ ಮಾಡಿ.

ಜ್ವರವೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ನಮಗೆ ನಿರಪಾಯವಾದ ಆ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ರಾತ್ರಿಯೂ ತೆರೆದಿರುವ ಪಶುಚಿಕಿತ್ಸಾಲಯ ನಿಮ್ಮ ಊರಿನಲ್ಲಿ ಯಾವುದೆಂದು ವಿಚಾರಿಸಿ, ಅದರ ನಂಬರನ್ನು ಇವತ್ತೇ ಫೋನಿನಲ್ಲಿ ಸೇರಿಸಿಕೊಳ್ಳಿ.